ಸಂಶಯದೊಡನೆಯೇ ಹೊರಡು

ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಒಂದು ಔತಣದ ಕಥೆ ಹೇಳುತ್ತಾರೆ. ಯಜಮಾನನೊಬ್ಬ ದೊಡ್ಡ ಊಟ ಮಾಡಿಸಿ ಎಲ್ಲರಿಗೂ ಮೊದಲೇ ಹೇಳಿಕಳಿಸಿದ್ದ. ಅಡುಗೆ ಸಿದ್ಧವಾದ ಮೇಲೆ ಆಳು ಹೋಗಿ ಕರೆದರೆ, ಒಬ್ಬನಿಗೆ ಆಗಷ್ಟೇ ಕೊಂಡ ಹೊಲ ನೋಡಬೇಕಿತ್ತು. ಇನ್ನೊಬ್ಬನಿಗೆ ಐದು ಜೋಡಿ ಎತ್ತು ಹೂಡಿ ನೋಡಬೇಕಿತ್ತು. ಮತ್ತೊಬ್ಬನಿಗೆ ಹೊಸದಾಗಿ ಮದುವೆಯಾಗಿತ್ತು. ಈ ಮೂವರಲ್ಲಿ ಒಬ್ಬನಿಗಾದರೂ ಊಟ ಇದೆಯೋ ಇಲ್ಲವೋ ಎಂಬ ಸಂಶಯವಿರಲಿಲ್ಲ. ಕರೆದವನು ಯಾರೆಂಬುದೂ ಗೊತ್ತಿತ್ತು. ಅವರಿಗೆ ಪುರುಸೊತ್ತು ಇರಲಿಲ್ಲ, ಅಷ್ಟೇ. ಇನ್ನು ಸುವಾರ್ತೆಗಳಲ್ಲಿ ನಿಜವಾಗಿ ಸಂಶಯಪಟ್ಟವರನ್ನು ಹುಡುಕಿ ನೋಡು: ತೋಮ, ನಿಕೊದೇಮ, ನತಾನಯೇಲ, ಮೂರ್ಛೆ ಬೀಳುತ್ತಿದ್ದ ಹುಡುಗನ ತಂದೆ. ಇವರೆಲ್ಲ ಪ್ರಶ್ನೆ ಹೊತ್ತುಕೊಂಡೇ ಯೇಸುವಿನ ಬಳಿಗೆ ಬಂದರು. ಒಬ್ಬರನ್ನೂ ಅವರು ಬಾಗಿಲಲ್ಲಿ ತಡೆಯಲಿಲ್ಲ.

ಸಭೆಯಲ್ಲೇ ಬೆಳೆದೂ ನಂಬಿಕೆ ಸಡಿಲವಾಗಿದೆ ಎನ್ನುವವರು ಒಂದು ಕಡೆ. ಬೇರೆ ಮನೆತನದಲ್ಲಿ ಹುಟ್ಟಿ, ಯೇಸುವಿನ ಕಡೆಗೆ ಮನಸ್ಸು ಎಳೆಯುತ್ತಿದೆ, ಆದರೆ ಹೆಜ್ಜೆಯಿಡಲು ಧೈರ್ಯ ಬರುತ್ತಿಲ್ಲ ಎನ್ನುವವರು ಇನ್ನೊಂದು ಕಡೆ. ಆರಾಧನೆ ಮುಗಿದ ಮೇಲೆ ಹಿಂದೆ ಉಳಿದು ನನ್ನೊಡನೆ ಮಾತಾಡುವ ಮಕ್ಕಳು ಈ ಎರಡು ಬಗೆಯವರು. ಅವರಿಗೆ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಅಜ್ಜನ ವಯಸ್ಸು ನನ್ನದು. ಆದ್ದರಿಂದ ಏಕವಚನದಲ್ಲೇ ಮಾತಾಡುತ್ತೇನೆ, ಮಗು.

• ಸಂಶಯ ಬಂದಿತೆಂದು ಹೆದರಬೇಡ. ಅದನ್ನು ಕಳವಿನ ಮಾಲಿನಂತೆ ಬಚ್ಚಿಡಲೂ ಬೇಡ. ಮತ್ತಾಯನ ಸುವಾರ್ತೆಯ ಕೊನೆಯ ಪುಟ ತೆಗೆದು ನೋಡು. ಸತ್ತು ಎದ್ದುಬಂದ ಯೇಸುವನ್ನು ಹನ್ನೊಂದು ಮಂದಿ ಶಿಷ್ಯರು ಗಲಿಲಾಯದ ಬೆಟ್ಟದ ಮೇಲೆ ಕಣ್ಣಾರೆ ಕಂಡು ಅಡ್ಡಬಿದ್ದರು. ಆ ಹೊತ್ತಿನಲ್ಲೂ ಕೆಲವರ ಮನಸ್ಸಿನಲ್ಲಿ ಸಂಶಯವಿತ್ತೆಂದು ಮತ್ತಾಯ ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾನೆ. ಯೇಸುಸ್ವಾಮಿ ಆ ಕೆಲವರನ್ನು ಬೇರೆ ಕೂರಿಸಲಿಲ್ಲ. ಲೋಕದ ಎಲ್ಲ ಜನರ ಬಳಿಗೆ ಹೋಗುವ ಕೆಲಸವನ್ನು ಅವರ ಕೈಗೂ ಒಪ್ಪಿಸಿದರು.

• ಒಂದು ಹಾಳೆ ತೆಗೆದುಕೊಂಡು ನಿನ್ನ ಸಂಶಯವನ್ನು ಬರೆ. ‘ನನಗೆ ನಂಬಿಕೆ ಬರುತ್ತಿಲ್ಲ’ ಎಂದಷ್ಟೇ ಬರೆದರೆ ಸಾಲದು. ಯಾವುದರಲ್ಲಿ ಬರುತ್ತಿಲ್ಲ? ದೇವರು ಇದ್ದಾರೆಂಬುದರಲ್ಲೋ, ಯೇಸು ಎದ್ದರೆಂಬುದರಲ್ಲೋ, ಅಥವಾ ಅವರಿಗೆ ನಿನ್ನ ಮೇಲೆ ಅಕ್ಕರೆ ಇದೆ ಎಂಬುದರಲ್ಲೋ? ನಾನು ಕಂಡಂತೆ ಸಂಶಯ ನಾಲ್ಕು ಕಡೆಯಿಂದ ಬರುತ್ತದೆ. ಓದಿನಿಂದ ಬರುವುದೊಂದು, ದುಃಖದಿಂದ ಬರುವುದೊಂದು, ಸಭೆಯವರು ಮಾಡಿದ ಗಾಯದಿಂದ ಬರುವುದೊಂದು. ನಾಲ್ಕನೆಯದು, ನಂಬಿದರೆ ಬದುಕು ಬದಲಿಸಬೇಕಾಗುತ್ತದಲ್ಲ ಎಂಬ ಅಳುಕಿನಿಂದ ಬರುವುದು. ಮಗುವನ್ನು ಮಣ್ಣುಮಾಡಿ ಬಂದ ತಾಯಿಯ ಮುಂದೆ ದೇವರಿದ್ದಾರೆಂಬುದಕ್ಕೆ ಪುರಾವೆ ಹೇಳುತ್ತಾ ಕೂರುವುದು ಹೊಟ್ಟೆನೋವಿನವನ ಕಣ್ಣಿಗೆ ಔಷಧಿ ಹನಿಸಿದ ಹಾಗೆ. ನಿನ್ನದು ಯಾವುದೆಂದು ಮೊದಲು ತಿಳಿದುಕೋ.

• ಓದಿನಿಂದ ಬಂದ ಸಂಶಯವಾದರೆ ಇನ್ನೂ ಓದು, ಅರ್ಧಕ್ಕೆ ನಿಲ್ಲಿಸಬೇಡ. ಬೆರೋಯ ಊರಿನವರು ಅಪೊಸ್ತಲ ಪೌಲನ ಮಾತು ಕೇಳಿ ತಲೆಯಾಡಿಸಿ ಮನೆಗೆ ಹೋಗಲಿಲ್ಲ. ಅವನು ಹೇಳಿದ್ದು ಹೌದೋ ಅಲ್ಲವೋ ಎಂದು ದಿನಾಲೂ ಶಾಸ್ತ್ರ ತೆರೆದು ತಾಳೆ ನೋಡಿದರು. ಅದಕ್ಕಾಗಿ ಅಪೊಸ್ತಲರ ಕೃತ್ಯಗಳ ಪುಸ್ತಕ ಅವರನ್ನು ಹೊಗಳುತ್ತದೆ.

ಎಲ್ಲಿಂದ ಶುರುಮಾಡಲಿ ಎಂದು ಕೇಳಿದರೆ ನನ್ನ ಉತ್ತರ ಒಂದೇ: ಪುನರುತ್ಥಾನದಿಂದ. ನೋಹನ ನಾವೆ ಎಷ್ಟು ಮೊಳವಿತ್ತು, ಕಾಯಿನನ ಹೆಂಡತಿ ಎಲ್ಲಿಂದ ಬಂದಳು ಎಂಬ ಪ್ರಶ್ನೆಗಳನ್ನು ಆಮೇಲೆ ನೋಡೋಣ. ಕ್ರಿಸ್ತನು ಎದ್ದಿಲ್ಲವಾದರೆ ನಮ್ಮ ನಂಬಿಕೆಯೇ ಟೊಳ್ಳು ಎಂದು ಪೌಲನೇ ಒಪ್ಪಿಕೊಂಡಿದ್ದಾನೆ. ಅವನು ಕೊರಿಂಥದವರಿಗೆ ಮೊದಲ ಪತ್ರ ಬರೆದದ್ದು ಕ್ರಿ.ಶ. 55ರ ಸುಮಾರಿಗೆ, ಶಿಲುಬೆಯ ಘಟನೆ ನಡೆದು ಇಪ್ಪತ್ತೈದು ವರ್ಷ ಆಗಿರಬಹುದು ಅಷ್ಟೇ. ಅದರ 15ನೇ ಅಧ್ಯಾಯದಲ್ಲಿ ಎದ್ದುಬಂದ ಯೇಸುವನ್ನು ಕಂಡವರ ಪಟ್ಟಿ ಕೊಡುತ್ತಾನೆ. ಐನೂರಕ್ಕೂ ಹೆಚ್ಚು ಜನ ಒಟ್ಟಿಗೆ ಕಂಡರು, ಅವರಲ್ಲಿ ಬಹುಪಾಲು ಇನ್ನೂ ಬದುಕಿದ್ದಾರೆ ಎನ್ನುತ್ತಾನೆ. ಬೇಕಾದವರು ಹೋಗಿ ಕೇಳಬಹುದಾಗಿದ್ದ ಕಾಲವದು. ಆ ಪಟ್ಟಿಯಲ್ಲಿ ಯಾಕೋಬನ ಹೆಸರಿದೆ. ಅವನು ಯೇಸುವಿನ ತಮ್ಮ. ಅಣ್ಣ ಬದುಕಿದ್ದಾಗ ಮನೆಯ ತಮ್ಮಂದಿರೇ ಅವನನ್ನು ನಂಬಿರಲಿಲ್ಲವೆಂದು ಯೋಹಾನ ಬರೆದಿದ್ದಾನೆ. ಪಟ್ಟಿ ಬರೆದ ಪೌಲ ಮೊದಲು ಸಭೆಯನ್ನು ಹಿಂಸಿಸುತ್ತಿದ್ದವನು. ಖಾಲಿ ಸಮಾಧಿಯನ್ನು ಮೊದಲು ಕಂಡವರು ಹೆಂಗಸರು. ಅವರ ಸಾಕ್ಷಿಗೆ ಹೆಚ್ಚು ಬೆಲೆ ಕೊಡದಿದ್ದ ಸಮಾಜದಲ್ಲಿ ಕಥೆ ಕಟ್ಟುವವನು ಅವರನ್ನು ಮುಂದಿಡುತ್ತಿರಲಿಲ್ಲ. ಇನ್ನು ಕ್ರೈಸ್ತರನ್ನು ಕಂಡರಾಗದ ರೋಮಿನ ಇತಿಹಾಸಕಾರ ಟಾಸಿಟಸ್ ಕೂಡ, ತಿಬೇರಿಯ ಚಕ್ರವರ್ತಿಯ ಕಾಲದಲ್ಲಿ ಪಿಲಾತನ ಆಡಳಿತದಡಿ ಕ್ರಿಸ್ತನಿಗೆ ಮರಣದಂಡನೆಯಾಯಿತೆಂದು ಎರಡನೆಯ ಶತಮಾನದ ಆರಂಭದಲ್ಲಿ ಬರೆದಿಟ್ಟಿದ್ದಾನೆ. ಇವೆಲ್ಲ ಸೇರಿ ನಿನ್ನನ್ನು ಬಲವಂತವಾಗಿ ಒಪ್ಪಿಸುವುದಿಲ್ಲ. ಆದರೆ ಇದು ಅಡಗೂಲಜ್ಜಿ ಕಥೆಯಲ್ಲ ಎಂಬುದಂತೂ ಸ್ಪಷ್ಟವಾಗುತ್ತದೆ.

• ವಿಜ್ಞಾನ ಓದುವ ಮಕ್ಕಳಿಗೆ: ಬಟಾಣಿ ಗಿಡ ಬೆಳೆಸಿ ಅನುವಂಶೀಯತೆಯ ನಿಯಮ ಕಂಡುಕೊಂಡ ಗ್ರೆಗರ್ ಮೆಂಡಲ್ ಮಠದ ಸನ್ಯಾಸಿ. ಬಿಗ್ ಬ್ಯಾಂಗ್ ಎಂದು ಇಂದು ಕರೆಯುವ ವಿಚಾರಕ್ಕೆ 1931ರಲ್ಲಿ ಮೊದಲ ರೂಪ ಕೊಟ್ಟ ಜಾರ್ಜ್ ಲೆಮೇತ್ರ್ ಬೆಲ್ಜಿಯಂನ ಕಥೋಲಿಕ ಪಾದ್ರಿ. ಪ್ರಯೋಗಾಲಯವನ್ನೋ ದೇವಾಲಯವನ್ನೋ ಬಿಡಬೇಕೆಂದು ಅವರಿಗೆ ಅನ್ನಿಸಿರಲಿಲ್ಲ. ನಿನಗೂ ಅನ್ನಿಸಬೇಕಾಗಿಲ್ಲ.

• ಮಾರ್ಕನ ಸುವಾರ್ತೆಯನ್ನು ಒಂದೇ ಸಲ ಕೂತು ಓದು. ಇರುವುದು 16 ಅಧ್ಯಾಯ. ಗಟ್ಟಿಯಾಗಿ ಓದಿದರೂ ಎರಡು ಗಂಟೆ ಸಾಕು. ಸಭೆಯಲ್ಲಿ ಬೆಳೆದ ಮಕ್ಕಳು ಸತ್ಯವೇದವನ್ನು ತುಣುಕು ತುಣುಕಾಗಿ ಕೇಳಿರುತ್ತಾರೆ. ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ವಾಕ್ಯ, ಕ್ಯಾಲೆಂಡರಿನ ಮೇಲಿನ ವಾಕ್ಯ, ಮದುವೆ ಕಾರ್ಡಿನ ಮೇಲಿನ ವಾಕ್ಯ. ಯೇಸು ಎಂಬ ಮನುಷ್ಯ ಬೆಳಿಗ್ಗೆಯಿಂದ ಸಂಜೆಯವರೆಗೆ ಏನು ಮಾಡಿದ, ಯಾರ ಮನೆಯಲ್ಲಿ ಉಂಡ, ಯಾರ ಮೇಲೆ ಸಿಟ್ಟಾದ, ಯಾರನ್ನು ಮುಟ್ಟಿದ ಎಂದು ಮೊದಲಿನಿಂದ ಕೊನೆಯವರೆಗೆ ಅವರು ಓದಿಯೇ ಇರುವುದಿಲ್ಲ. ಹಳೆಯ ಅನುವಾದದ ಕನ್ನಡ ಕಷ್ಟವೆನಿಸಿದರೆ ಸರಳ ಕನ್ನಡದ ಅನುವಾದಗಳೂ ಸಿಗುತ್ತವೆ. ಪೆನ್ನು ಕೈಯಲ್ಲಿರಲಿ. ಒಪ್ಪಿಗೆಯಾಗದ ಕಡೆ ಗೆರೆ ಎಳೆ, ಮನಸ್ಸು ನಿಂತ ಕಡೆಯೂ ಎಳೆ.

• ದುಃಖದಿಂದ ಬಂದ ಸಂಶಯದ ಬಗ್ಗೆ ನಾನು ಮೆಲ್ಲಗೆ ಮಾತಾಡಬೇಕು. ಚಿಕ್ಕ ವಯಸ್ಸಿನ ಸಾವು, ವಾಸಿಯಾಗದ ಕಾಯಿಲೆ, ಎಷ್ಟು ಬೇಡಿದರೂ ಉತ್ತರ ಬಾರದ ಪ್ರಾರ್ಥನೆ ನಿನ್ನದಾಗಿದ್ದರೆ, ಸಂತೋಷದ ಕೀರ್ತನೆ ಹಾಡೆಂದು ನಿನ್ನನ್ನು ಒತ್ತಾಯಿಸುವುದಿಲ್ಲ. 13ನೇ ಕೀರ್ತನೆ ಓದು, 22ನೆಯದು ಓದು, 88ನೆಯದು ಓದು. ಕೊನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಒಂದು ಸಾಂತ್ವನದ ಸಾಲೂ ಅದರ ತುದಿಯಲ್ಲಿಲ್ಲ. ಅಂಥದ್ದನ್ನೂ ದೇವರ ಜನರು ಆರಾಧನೆಯ ಪುಸ್ತಕದೊಳಗೆ ಸೇರಿಸಿ ಸಾವಿರಾರು ವರ್ಷದಿಂದ ಓದಿಕೊಂಡು ಬಂದಿದ್ದಾರೆ. ಸತ್ಯವೇದದ ಯೋಬ ದೇವರ ಮೇಲೆ ನೇರವಾಗಿ ದೂರು ಹೇಳಿದ. ಅವನ ಗೆಳೆಯರು ದೇವರ ಪರವಾಗಿ ವಾದ ಮಾಡಿದರು. ಕೊನೆಗೆ ದೇವರು ಸಿಟ್ಟಾದದ್ದು ಗೆಳೆಯರ ಮೇಲೆ. ಶಿಲುಬೆಯ ಮೇಲೆ ಯೇಸುಸ್ವಾಮಿಯ ಬಾಯಿಂದಲೂ 22ನೇ ಕೀರ್ತನೆಯ ಮೊದಲ ಕೂಗೇ ಬಂತು. ದೇವರು ಕೈಬಿಟ್ಟರೆಂಬ ಅನುಭವ ಏನೆಂದು ಬಲ್ಲವರ ಬಳಿಗೇ ನೀನು ಬರುತ್ತಿದ್ದೀ.

ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಲೋಕವೇ ಬೆರಗಾಯಿತು. ಕೋಲ್ಕತ್ತದ ಬೀದಿಗಳಲ್ಲಿ ಸಾಯುತ್ತಿದ್ದವರನ್ನು ಎತ್ತಿಕೊಂಡು ಬಂದ ಆ ತಾಯಿಗೆ ದಶಕಗಳ ಕಾಲ ದೇವರ ಸಾನ್ನಿಧ್ಯದ ಅನುಭವವೇ ಇರಲಿಲ್ಲ. ಒಳಗೆ ಬರೀ ಕತ್ತಲೆ ಎಂದು ತಮ್ಮ ಆತ್ಮಿಕ ಹಿರಿಯರಿಗೆ ಬರೆದುಕೊಂಡಿದ್ದರು. ಹಾಗಿದ್ದೂ ಬೆಳಗಿನ ಪ್ರಾರ್ಥನೆಗೆ ಹೋಗುವುದನ್ನು ಬಿಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ಅವರ ನಂಬಿಕೆ ಸುಳ್ಳಾಗಿತ್ತು ಎಂದು ಕೆಲವರು ಬರೆದರು. ಯಾವ ಸವಿಯೂ ಸಿಗದೆ ಅಷ್ಟು ವರ್ಷ ಕೊಟ್ಟ ಮಾತಿಗೆ ನಿಂತದ್ದನ್ನೇ ನಾನು ನಂಬಿಕೆ ಎನ್ನುತ್ತೇನೆ.

• ದುಃಖದಲ್ಲಿರುವವರ ಪಕ್ಕದಲ್ಲಿ ಕೂರುವವರಿಗೂ ಒಂದು ಮಾತು. ದೇವರ ಚಿತ್ತ ಹೀಗಿತ್ತು, ದೇವರಿಗೆ ಆ ಹೂವು ಬೇಕಾಗಿತ್ತು ಎಂದು ಹೇಳಬೇಡಿ. ಊಟ ತಂದು ಕೊಡಿ. ಸುಮ್ಮನೆ ಕೂತಿರಿ.

• ಸಭೆಯವರಿಂದ ನೊಂದು ದೂರವಾದವನು ನೀನಾದರೆ, ನಿನ್ನ ದೂರಿನಲ್ಲಿ ಹುರುಳಿದೆ. ಯೇಸುವಿನ ಹೆಸರು ಹೇಳಿಕೊಂಡೂ ಮದುವೆಗೆ ಜಾತಿ ಕೇಳುತ್ತಾರೆ. ಸ್ಮಶಾನದಲ್ಲಿ ಕೂಡ ಜಾತಿಯ ಗೆರೆ ಎಳೆದ ಸಭೆಗಳು ನಮ್ಮ ದೇಶದಲ್ಲಿವೆ. ಸಮಿತಿ ಚುನಾವಣೆಯ ಜಗಳ, ಆಸ್ತಿಯ ವ್ಯಾಜ್ಯ ಕೋರ್ಟಿಗೆ ಹೋಗುತ್ತವೆ. ಇದನ್ನು ಮುಚ್ಚಿಟ್ಟು ನಿನ್ನನ್ನು ಕರೆಯುವುದು ನನ್ನಿಂದಾಗದು. ಆದರೆ ಒಂದನ್ನು ಗಮನಿಸು. ನಿನಗೆ ಇದು ಅನ್ಯಾಯವೆಂದು ಕಾಣುತ್ತಿರುವುದು ಯಾವ ಅಳತೆಗೋಲಿನಿಂದ? ಸಮಾರ್ಯದ ಹೆಂಗಸಿನ ಕೈಯಿಂದ ನೀರು ಕೇಳಿದವನ, ಕುಷ್ಠರೋಗಿಯನ್ನು ಮುಟ್ಟಿದವನ, ದೇವಾಲಯದ ಅಂಗಳದಲ್ಲಿ ಹಣದ ಮೇಜು ಉರುಳಿಸಿದವನ ಅಳತೆಗೋಲಿನಿಂದ. ನಮ್ಮ ಮೇಲೆ ನಿನಗೆ ಬಂದ ಸಿಟ್ಟಿನಲ್ಲಿ ಅವನು ನಿನ್ನ ಪಕ್ಷದಲ್ಲಿದ್ದಾನೆ. ನಮ್ಮ ಕಾರಣಕ್ಕೆ ಅವನನ್ನು ಬಿಡಬೇಡ. ಈ ಸಭೆಯಲ್ಲಿ ಉಸಿರುಗಟ್ಟಿದರೆ ಬೇರೆ ಸಭೆ ಹುಡುಕು. ಅದಕ್ಕೆ ನಾಚಿಕೆ ಬೇಡ.

• ನಾಲ್ಕನೆಯ ಬಗೆಯ ಸಂಶಯವನ್ನು ಗುರುತಿಸುವುದು ಕಷ್ಟ. ಅದು ಓದಿನ ಸಂಶಯದ ವೇಷ ಹಾಕಿಕೊಂಡು ಬರುತ್ತದೆ. ಉತ್ತರ ಆಫ್ರಿಕದ ಅಗಸ್ಟಿನ್ ಮಹಾ ಬುದ್ಧಿವಂತ. ಎಷ್ಟೋ ವರ್ಷ ಬೇರೆ ಬೇರೆ ಮತ, ತತ್ತ್ವ ಸುತ್ತಿ ಇಟಲಿಯ ಮಿಲಾನಿಗೆ ಬಂದ. ಅಲ್ಲಿ ಬಿಷಪ್ ಅಂಬ್ರೋಸರ ಬೋಧನೆ ಕೇಳುತ್ತಾ ಅವನ ಬುದ್ಧಿಯ ಆಕ್ಷೇಪಗಳೆಲ್ಲ ಒಂದೊಂದಾಗಿ ಬಿದ್ದುಹೋದವು. ಆದರೂ ಅವನು ಹೆಜ್ಜೆಯಿಡಲಿಲ್ಲ. ಹಳೆಯ ಬದುಕಿನ ಸುಖ ಬಿಡಲು ಮನಸ್ಸಿಲ್ಲದೆ ನಾಳೆ, ನಾಳೆ ಎನ್ನುತ್ತಿದ್ದೆನೆಂದು ತನ್ನ ಆತ್ಮಕಥೆಯಲ್ಲಿ ತಾನೇ ಬರೆದಿದ್ದಾನೆ. ಕ್ರಿ.ಶ. 386ರಲ್ಲಿ ಒಂದು ತೋಟದಲ್ಲಿ ಅತ್ತು ಅತ್ತು ಕೊನೆಗೆ ಒಪ್ಪಿದ. ಮರುವರ್ಷ ಈಸ್ಟರ್ ಹಬ್ಬದಲ್ಲಿ ಅಂಬ್ರೋಸರ ಕೈಯಿಂದ ದೀಕ್ಷಾಸ್ನಾನ ಪಡೆದ.

ಅದೇ ಅಪೊಸ್ತಲರ ಕೃತ್ಯಗಳ ಪುಸ್ತಕದಲ್ಲಿ ಫೇಲಿಕ್ಸನೆಂಬ ಅಧಿಪತಿಯೂ ಇದ್ದಾನೆ. ಪೌಲನ ಮಾತು ಕೇಳಿ ಅವನಿಗೆ ನಡುಕ ಹುಟ್ಟಿತು. ಸಮಯ ಸಿಕ್ಕಾಗ ಮತ್ತೆ ಕರೆಸುವೆನೆಂದು ಕಳಿಸಿದ. ಕರೆಸಿದ್ದೂ ಉಂಟು, ಲಂಚ ಸಿಕ್ಕೀತೆಂಬ ಆಸೆಯಿಂದ. ಎರಡು ವರ್ಷ ಹಾಗೇ ಕಳೆಯಿತು. ಅವನು ನಂಬಿದನೆಂದು ಎಲ್ಲೂ ಬರೆದಿಲ್ಲ. ಆದ್ದರಿಂದ ನಿನ್ನ ಹಾಳೆಯ ಕೆಳಗೆ ಇದನ್ನೂ ಬರೆದುಕೋ: ಇಲ್ಲಿರುವ ಎಲ್ಲ ಪ್ರಶ್ನೆಗೂ ಇಂದೇ ಉತ್ತರ ಸಿಕ್ಕರೆ ನಾಳೆ ನಾನು ಹೊರಡುತ್ತೇನೆಯೇ? ಇಲ್ಲ ಎಂದು ಒಳಗಿನಿಂದ ಬಂದರೆ, ತಡೆಯುತ್ತಿರುವುದು ಪ್ರಶ್ನೆಗಳಲ್ಲ.

• ಕಣ್ಣೀರು ಬಂತೋ, ಮೈ ಜುಮ್ಮೆಂದಿತೋ ಎಂದು ನಂಬಿಕೆಯನ್ನು ಅಳೆಯಬೇಡ. ದೊಡ್ಡ ಕೂಟಗಳಲ್ಲಿ ಮೈಕು, ವಾದ್ಯ, ಜನ ಸೇರಿದಾಗ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ಅದು ತಪ್ಪಲ್ಲ, ಆದರೆ ಅದೇ ಎಲ್ಲವೂ ಅಲ್ಲ.

ಈ ವಿಷಯದಲ್ಲಿ ನಾನು ಮತ್ತೆ ಮತ್ತೆ ನೆನೆಯುವುದು ಪಂಡಿತಾ ರಮಾಬಾಯಿಯವರನ್ನು. ಅವರು 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿಗಳು ಊರವರ ವಿರೋಧ ಕಟ್ಟಿಕೊಂಡು ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದರು. ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ತೀರಿಕೊಂಡರು. ಹುಡುಗಿ ಅಣ್ಣನೊಡನೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿ ಕಲ್ಕತ್ತ ಸೇರಿದಾಗ, ಅವಳ ವಿದ್ಯೆ ಕಂಡು ಅಲ್ಲಿಯ ವಿದ್ವಾಂಸರು ಪಂಡಿತಾ ಎಂಬ ಬಿರುದು ಕೊಟ್ಟರು. ಮದುವೆಯಾಗಿ ಎರಡು ವರ್ಷದೊಳಗೆ ಗಂಡ ಕಾಲರಾದಿಂದ ಸತ್ತರು. ಎಳೆಯ ಮಗಳನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ಹೋದ ರಮಾಬಾಯಿ 1883ರ ಸೆಪ್ಟೆಂಬರಿನಲ್ಲಿ ದೀಕ್ಷಾಸ್ನಾನ ಪಡೆದರು.

ಅಲ್ಲಿಗೆ ಸಂಶಯ ಮುಗಿಯಿತೇ? ಇಲ್ಲ. ತ್ರಯೈಕ್ಯದ ಬಗ್ಗೆ, ಸಭೆಯ ಅಧಿಕಾರದ ಬಗ್ಗೆ ತಮ್ಮನ್ನು ಸಾಕುತ್ತಿದ್ದ ಇಂಗ್ಲಿಷ್ ಸನ್ಯಾಸಿನಿಯರೊಡನೆಯೇ ಪತ್ರದ ಮೇಲೆ ಪತ್ರ ಬರೆದು ವಾದಿಸಿದರು. ಒಬ್ಬ ಬಿಷಪ್ ಹೇಳಿದರೆಂದು ಒಪ್ಪುವವರಲ್ಲ ಅವರು. ದೀಕ್ಷಾಸ್ನಾನವಾಗಿ ಸುಮಾರು ಎಂಟು ವರ್ಷದ ಮೇಲೆ, ತಮಗೆ ಇಷ್ಟು ದಿನ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನು ಸಿಕ್ಕಿರಲಿಲ್ಲ ಎಂದು ಕಂಡುಕೊಂಡೆನೆಂದು ತಮ್ಮ ಸಾಕ್ಷಿಯಲ್ಲಿ ಬರೆದಿದ್ದಾರೆ. ಆ ಎಂಟು ವರ್ಷ ಅವರು ಕೈಕಟ್ಟಿ ಕೂತಿರಲಿಲ್ಲ. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದಿದ್ದರು. ಆಮೇಲೆ ಕೇಡಗಾಂವದ ಮುಕ್ತಿ ಸದನದಲ್ಲಿ ಬರಗಾಲದಲ್ಲಿ ಅನಾಥರಾದ ನೂರಾರು ಹೆಣ್ಣುಮಕ್ಕಳನ್ನು ಸಾಕಿದರು. ಹೀಬ್ರೂ, ಗ್ರೀಕ್ ಕಲಿತು ಸತ್ಯವೇದವನ್ನು ಹಳ್ಳಿಯ ಹೆಂಗಸರಿಗೂ ತಿಳಿಯುವ ಮರಾಠಿಗೆ ತಂದರು. ಪ್ರಶ್ನೆ ಕೇಳುವ ಹೆಣ್ಣನ್ನು ದೇವರು ಎಷ್ಟು ಕೆಲಸಕ್ಕೆ ಬಳಸಿಕೊಂಡರು ನೋಡು. ನಿನ್ನ ಒಳಗಿನ ಗಡಿಯಾರ ನಿಧಾನವಾಗಿದ್ದರೆ ಅದರ ಚಿಂತೆ ನಿನಗೆ ಬೇಡ.

• ಪ್ರಾರ್ಥಿಸುವುದು ಹೇಗೆಂದು ಗೊತ್ತಾಗದಿದ್ದರೆ ಇದ್ದದ್ದನ್ನು ಇದ್ದ ಹಾಗೆ ಹೇಳು. ಮಾರ್ಕನ 9ನೇ ಅಧ್ಯಾಯದಲ್ಲಿ, ಮೂರ್ಛೆ ಬೀಳುತ್ತಿದ್ದ ಹುಡುಗನ ಆ ತಂದೆ ತನಗೆ ನಂಬಿಕೆ ಇದೆಯೆಂದೂ, ಇಲ್ಲದ ಪಾಲಿಗೆ ನೆರವಾಗಬೇಕೆಂದೂ ಒಂದೇ ಉಸಿರಿನಲ್ಲಿ ಕೂಗಿಕೊಂಡ. ಇನ್ನಷ್ಟು ನಂಬಿಕೆ ತೆಗೆದುಕೊಂಡು ಬಾ ಎಂದು ಯೇಸು ಅವನನ್ನು ಹಿಂದಕ್ಕೆ ಅಟ್ಟಲಿಲ್ಲ. ಹುಡುಗ ವಾಸಿಯಾದ. ನಿನ್ನ ಪ್ರಾರ್ಥನೆ ಹೀಗಿದ್ದರೂ ಸಾಕು: ‘ದೇವರೇ, ನೀನು ಇದ್ದೀಯೋ ಇಲ್ಲವೋ ನನಗೆ ಗಟ್ಟಿಯಾಗಿ ತಿಳಿಯದು. ಇದ್ದರೆ ನನಗೆ ತೋರಿಸಿಕೋ. ತೋರಿಸಿದರೆ ನಾನು ಓಡಿಹೋಗುವುದಿಲ್ಲ.’ ಕೊನೆಯ ಮಾತನ್ನು ಬಿಡದೆ ಹೇಳು.

• ದೇವರೊಡನೆ ಚೌಕಾಸಿ ಮಾಡಬೇಡ. ಈ ಕೆಲಸ ಸಿಕ್ಕರೆ, ವೀಸಾ ಬಂದರೆ, ರಿಸಲ್ಟ್ ಚೆನ್ನಾಗಿ ಬಂದರೆ ನಂಬುತ್ತೇನೆ ಎಂದರೆ, ನೀನು ನಂಬಲು ಹೊರಟದ್ದು ಕೆಲಸವನ್ನೇ. ಹಳೆಯ ಒಡಂಬಡಿಕೆಯ ಗಿದ್ಯೋನ ಉಣ್ಣೆಯ ತುಪ್ಪಟ ಇಟ್ಟು ಗುರುತು ಕೇಳಲಿಲ್ಲವೇ ಎಂದು ನೀನು ಕೇಳಬಹುದು. ಕೇಳಿದ, ನಿಜ. ದೇವರು ಅವನಿಗೆ ಕೆಲಸ ಒಪ್ಪಿಸಿದ ಮೇಲೆ, ಹೆದರಿದ್ದಕ್ಕೆ ಕೇಳಿದ. ದೇವರು ಸೈರಿಸಿಕೊಂಡರು. ಅದನ್ನೇ ಪದ್ಧತಿ ಮಾಡಿಕೊಳ್ಳಬೇಡ.

• ಯೇಸು ಹೇಳಿದ್ದರಲ್ಲಿ ಯಾವುದಾದರೂ ಒಂದನ್ನು ಮಾಡಿ ನೋಡು. ದೇವರ ಇಷ್ಟದಂತೆ ನಡೆಯಲು ಮನಸ್ಸು ಮಾಡಿದವನಿಗೆ ಈ ಬೋಧನೆ ದೇವರದೋ ಅಲ್ಲವೋ ತಿಳಿದುಬರುತ್ತದೆಂದು ಅವರೇ ಯೋಹಾನನ 7ನೇ ಅಧ್ಯಾಯದಲ್ಲಿ ಹೇಳಿದ್ದಾರೆ. ಮಾತುಬಿಟ್ಟ ತಮ್ಮನಿಗೆ ಫೋನ್ ಮಾಡು. ಯಾರದೋ ಹಣ ಹಿಂದಿರುಗಿಸದೆ ಉಳಿಸಿಕೊಂಡಿದ್ದರೆ ಕೊಟ್ಟುಬಿಡು. ಲೂಕನ ಸುವಾರ್ತೆಯ ಸುಂಕದವ ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆಂದ. ಜಿಲ್ಲಾಸ್ಪತ್ರೆಯ ವಾರ್ಡಿನಲ್ಲಿ ನೋಡಿಕೊಳ್ಳುವವರಿಲ್ಲದ ರೋಗಿಯ ಹತ್ತಿರ ಒಂದು ಮಧ್ಯಾಹ್ನ ಕೂರು. ಕುರ್ಚಿಯಲ್ಲಿ ಕೂತು ತಿಂಗಳುಗಟ್ಟಲೆ ಯೋಚಿಸಿದರೂ ತಿಳಿಯದ್ದು ಅಲ್ಲಿ ತಿಳಿಯುತ್ತದೆ.

• ಒಂಟಿಯಾಗಿರಬೇಡ. ತೋಮ ಮೊದಲ ಭಾನುವಾರ ಸಂಜೆ ಉಳಿದವರ ಜೊತೆ ಇರಲಿಲ್ಲ, ಯೇಸುವನ್ನು ಕಾಣಲಿಲ್ಲ. ಎಂಟು ದಿನದ ಮೇಲೆ ಅವರ ಜೊತೆ ಮನೆಯೊಳಗಿದ್ದ, ಕಂಡ. ನಡುವಿನ ಆ ವಾರವನ್ನು ಯೋಚಿಸು. ತಾನು ನಂಬುವುದಿಲ್ಲವೆಂದು ಕಡ್ಡಿ ತುಂಡಾದಂತೆ ಹೇಳಿದವನನ್ನು ಉಳಿದ ಹತ್ತು ಮಂದಿ ಹೊರಗೆ ಹಾಕಲಿಲ್ಲ. ಅವನೂ ಎದ್ದು ಹೋಗಲಿಲ್ಲ. ಆ ತೋಮನೇ ಮುಂದೆ ಭಾರತಕ್ಕೆ ಬಂದನೆಂದು ನಮ್ಮ ದಕ್ಷಿಣದ ಕ್ರೈಸ್ತರ ಪರಂಪರೆ ಹೇಳುತ್ತದೆ. ಆಗಬಹುದಾದರೆ ಭಾನುವಾರ ಸಭೆಗೆ ಬಾ. ಹಾಡಲು ಮನಸ್ಸಾಗದಿದ್ದರೆ ಹಾಡಬೇಡ, ಕೇಳುತ್ತಾ ಕೂರು.

• ಯಾರನ್ನು ಕೇಳುತ್ತೀ ಎಂಬುದರಲ್ಲಿ ಎಚ್ಚರವಿರಲಿ. ಸಂಶಯಪಡುವವರಿಗೆ ಕರುಣೆ ತೋರಿಸಿರೆಂದು ಯೂದನ ಚಿಕ್ಕ ಪತ್ರದಲ್ಲಿ ಸಭೆಗೆ ಆಜ್ಞೆಯಿದೆ. ಪ್ರಶ್ನೆ ಕೇಳಿದ ಕೂಡಲೇ ಗದರುವವರು, ನಿನ್ನೊಳಗೆ ದೆವ್ವವಿದೆ ಎನ್ನುವವರು, ಪ್ರಾರ್ಥನೆಗೆ ಹಣ ಕೇಳುವವರು, ಔಷಧಿ ನಿಲ್ಲಿಸು ಎನ್ನುವವರು ಸಿಕ್ಕರೆ ಎದ್ದು ಬಾ. ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನಿಸಿದರೆ ಡಾಕ್ಟರನ್ನೂ ಕಾಣು. ಅದು ನಂಬಿಕೆಯ ಕೊರತೆಯಲ್ಲ. ನಡುರಾತ್ರಿ ಫೋನಿನಲ್ಲಿ ವಾದದ ವಿಡಿಯೋ ನೋಡುತ್ತಾ ದೇವರಿದ್ದಾರೋ ಇಲ್ಲವೋ ಎಂದು ತೀರ್ಮಾನಿಸಬೇಡ. ಬೆಳಗಾಗಲಿ.

• ಬೇರೆ ಮನೆತನದಿಂದ ಬರುತ್ತಿರುವ ಮಗುವಿಗೆ ಮೂರು ಮಾತು. ಅವಸರ ಬೇಡ. ಯಾರ ಒತ್ತಾಯಕ್ಕೂ ಆಮಿಷಕ್ಕೂ ಬರಬೇಡ. ಮದುವೆಗಾಗಿ, ಶಾಲೆಯ ಸೀಟಿಗಾಗಿ ಹೇಳುವ ಹೌದು ಹೌದಲ್ಲ. ಸಂವಿಧಾನದ 25ನೇ ವಿಧಿ ನಿನ್ನ ಆತ್ಮಸಾಕ್ಷಿಗೆ ಸ್ವಾತಂತ್ರ್ಯ ಕೊಟ್ಟಿದೆ. ದೀಕ್ಷಾಸ್ನಾನಕ್ಕೆ ಮುಂಚೆ ಕಾನೂನಿನ ವಿಧಿವಿಧಾನ ಏನಿದೆಯೆಂದು ತಿಳಿದ ವಕೀಲರೊಬ್ಬರನ್ನು ಕೇಳು. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯವರಿಗೆ ನೀನೇ ಹೇಳು. ಮರಾಠಿ ಕವಿ ನಾರಾಯಣ ವಾಮನ ಟಿಳಕರು 1895ರಲ್ಲಿ ದೀಕ್ಷಾಸ್ನಾನ ಪಡೆದಾಗ ಹೆಂಡತಿ ಲಕ್ಷ್ಮೀಬಾಯಿಗೆ ಮೊದಲೇ ತಿಳಿಸಿರಲಿಲ್ಲ. ಆಕೆ ಪಟ್ಟ ಸಂಕಟವನ್ನು ಆಕೆಯ ಆತ್ಮಕಥೆ ‘ಸ್ಮೃತಿಚಿತ್ರೆ’ಯಲ್ಲಿ ಓದಿದರೆ ಕರುಳು ಕಿವುಚುತ್ತದೆ. ಕೆಲವು ವರ್ಷ ದೂರವಿದ್ದು, ಮತ್ತೆ ಜೊತೆಗೂಡಿ, 1900ರಲ್ಲಿ ಆಕೆ ತಾನಾಗಿಯೇ ದೀಕ್ಷಾಸ್ನಾನ ಪಡೆದರು. ಎಲ್ಲ ಮನೆಯಲ್ಲೂ ಹಾಗಾಗುವುದಿಲ್ಲ. ತಂದೆತಾಯಿ ಬೈದರೆ ತಿರುಗಿ ಬೈಯಬೇಡ. ಅವರ ದೇವರನ್ನು, ಹಬ್ಬವನ್ನು ಹೀಯಾಳಿಸಬೇಡ. ಮೊದಲಿಗಿಂತ ಒಳ್ಳೆಯ ಮಗನಾಗಿ, ಮಗಳಾಗಿ ನಡೆದುಕೋ.

• ನಿನ್ನ ಭಾಷೆ, ನಿನ್ನ ಜನ, ನಿನ್ನ ಹಿರಿಯರ ಜ್ಞಾನವನ್ನು ಬಿಟ್ಟು ಬರಬೇಕೆಂದು ಯಾರಾದರೂ ಹೇಳಿದರೆ ಅವರಿಗೆ ಉತ್ತಂಗಿ ಚೆನ್ನಪ್ಪನವರ ಹೆಸರು ಹೇಳು. ಅವರು ಬಾಸೆಲ್ ಮಿಶನ್ ಸಭೆಯ ಪಾಲಕರು. ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದವರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು.

• ಯೇಸುವಿನ ಕರೆಗೆ ಉತ್ತರ ಕೊಡುವುದೆಂದರೇನು ಎಂದು ನೇರವಾಗಿ ಕೇಳುವವರಿದ್ದಾರೆ. ನೇರವಾಗಿಯೇ ಹೇಳುತ್ತೇನೆ. ಒಬ್ಬನೇ ಇರುವಾಗ ಬಾಯಿಬಿಟ್ಟು ಯೇಸುವಿಗೆ ಹೌದು ಎನ್ನು. ಮಾಡಿದ ತಪ್ಪುಗಳನ್ನು ಹೆಸರಿಟ್ಟು ಹೇಳಿ ಕ್ಷಮೆ ಕೇಳು, ಕ್ಷಮಿಸಿದರೆಂದು ನಂಬು. ನಿನಗೆ ನಂಬುಗೆಯಾದ ಒಬ್ಬರಿಗೆ ಅದೇ ವಾರ ತಿಳಿಸು. ಸಭಾಪಾಲಕರನ್ನು ಕಂಡು, ದೀಕ್ಷಾಸ್ನಾನ ಆಗಿಲ್ಲದಿದ್ದರೆ ಅದರ ತರಗತಿಗೆ, ಎಳೆಯದರಲ್ಲೇ ಆಗಿದ್ದರೆ ದೃಢೀಕರಣದ ತರಗತಿಗೆ ಸೇರು. ತರಗತಿಯಲ್ಲಿ ನಿನ್ನ ಹಾಳೆಯ ಪ್ರಶ್ನೆಗಳನ್ನು ಕೇಳು. ಆಮೇಲೆ ಕರ್ತನ ಮೇಜಿಗೆ ಬಾ. ಎಲ್ಲ ತಿಳಿದವರಿಗೆ ಮಾತ್ರ ಬಡಿಸುವ ಊಟವಲ್ಲ ಅದು. ಔತಣದ ಕಥೆಯಲ್ಲಿ ಕೊನೆಗೆ ಒಳಗೆ ಬಂದವರು ಬೀದಿಯ ಬಡವರು, ಕುಂಟರು, ಕುರುಡರು. ಅವರು ಬಂದ ಮೇಲೂ ಇನ್ನೂ ಜಾಗ ಉಳಿದಿತ್ತು.

• ಹೌದು ಎಂದ ಮೇಲೂ ಸಂಶಯ ಮರಳಿ ಬರುತ್ತದೆ. ಹೆರೋದ ರಾಜನಿಗೆ ಹೆದರದ ಸ್ನಾನಿಕ ಯೋಹಾನನಿಗೇ ಸೆರೆಮನೆಯಲ್ಲಿ ಬಂತು. ಬರಬೇಕಾದವನು ನೀನೋ, ಬೇರೆಯವನಿಗಾಗಿ ಕಾಯಬೇಕೋ ಎಂದು ಯೇಸುವನ್ನೇ ಕೇಳಿಸಿದ. ಯೇಸು ಬೇಸರಪಡಲಿಲ್ಲ. ಕುರುಡರು ಕಾಣುತ್ತಿದ್ದಾರೆ, ಬಡವರಿಗೆ ಶುಭವಾರ್ತೆ ಮುಟ್ಟುತ್ತಿದೆ ಎಂದು ನಡೆಯುತ್ತಿರುವುದನ್ನೇ ತಿಳಿಸಿ ಕಳಿಸಿದರು. ಕೇಳಲು ಬಂದವರು ಹೋದ ಮೇಲೆ ಜನರೆದುರು ಯೋಹಾನನನ್ನು ಹೊಗಳಿದರು. ನೀನೂ ಹಾಗೆ ನೇರವಾಗಿ ಅವರನ್ನೇ ಕೇಳು. ಕೇ‍ಳುತ್ತಾ ನಿನ್ನ ಓದು, ಪ್ರಾರ್ಥನೆ, ಭಾನುವಾರ, ಬಡವರ ಕೆಲಸ ಯಾವುದನ್ನೂ ನಿಲ್ಲಿಸಬೇಡ.

• ಈ ಪಟ್ಟಿಯಲ್ಲಿ ನಿನಗೆ ಒಪ್ಪದ್ದು ಇದ್ದರೆ ಬದಿಗಿಡು, ನನ್ನೊಡನೆ ಜಗಳವಾಡಲು ಬಾ, ಬಾಗಿಲು ತೆರೆದಿರುತ್ತದೆ. ಆದರೆ ಮಾರ್ಕನ ಸುವಾರ್ತೆಯನ್ನು ಮಾತ್ರ ನಾಳೆಗೆ ಇಡಬೇಡ. ಇವತ್ತು ರಾತ್ರಿ ಊಟವಾದ ಮೇಲೆ ಮೊದಲ ಅಧ್ಯಾಯ ತೆರೆದು ಓದಲು ಶುರುಮಾಡು, ಮಗು.